ಹೊಟ್ಟೆಯಲ್ಲಿದ್ದಾಗ ಮೆದುಳಿನ ವೆಂಟ್ರಿಕಲ್ ಸ್ವಲ್ಪ ದೊಡ್ಡದಿತ್ತು, ಮುಂದೆ ಮಗು ಹೇಗೆ ಬೆಳೆಯುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಐದನೇ ತಿಂಗಳ ಸ್ಕ್ಯಾನ್ ಮುಗಿಸಿ ಬಂದ ದಿನ ಕೇಳುವ ಪ್ರಶ್ನೆಗಳು ಬೇರೆ, ಮಗುವಿಗೆ ಎರಡು ವರ್ಷ ತುಂಬುವಾಗ ಕೇಳುವವು ಬೇರೆ. ಪತ್ರಗಳಲ್ಲಿ, ಮಾತುಕತೆಗಳಲ್ಲಿ ಮತ್ತೆ ಮತ್ತೆ ಬಂದವನ್ನು ಅಪ್ಪ ಅಮ್ಮಂದಿರು ಕೇಳಿದ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಎಲ್ಲವನ್ನೂ ಒಂದೇ ಸಲ ಓದಬೇಕಿಲ್ಲ, ನೀವು ಈಗ ಯಾವ ಹಂತದಲ್ಲಿದ್ದೀರೋ ಅಲ್ಲಿಂದ ಶುರು ಮಾಡಿ. ಇಲ್ಲಿರುವುದಕ್ಕೂ ನಿಮ್ಮ ವೈದ್ಯರು ಹೇಳಿದ್ದಕ್ಕೂ ವ್ಯತ್ಯಾಸ ಕಂಡರೆ ಅವರನ್ನೇ ಕೇಳಿ. ಅವರ ಕಣ್ಣೆದುರು ನಿಮ್ಮ ಮಗುವಿನ ಸ್ಕ್ಯಾನ್ ಇದೆ, ನನ್ನೆದುರು ಇಲ್ಲ.

## ರಿಪೋರ್ಟ್ ಕೈಗೆ ಬಂದಾಗ

ರಿಪೋರ್ಟಿನಲ್ಲಿ ‘ಮೈಲ್ಡ್ ವೆಂಟ್ರಿಕ್ಯುಲೋಮೆಗಲಿ’ ಅಂತ ಬರೆದಿದ್ದಾರೆ. ಮಗುವಿನ ಮೆದುಳಿಗೆ ಏನಾಗಿದೆ?

ಎಲ್ಲರ ಮೆದುಳಿನೊಳಗೂ ದ್ರವ ತುಂಬಿದ ನಾಲ್ಕು ಪೊಳ್ಳು ಜಾಗಗಳಿರುತ್ತವೆ. ಅವೇ ವೆಂಟ್ರಿಕಲ್‌ಗಳು. ಎಡಕ್ಕೊಂದು, ಬಲಕ್ಕೊಂದು ದೊಡ್ಡವು. ನಡುವೆ ಇನ್ನೆರಡು ಸಣ್ಣವು. ಒಳಗಿರುವ ಕೋರಾಯ್ಡ್ ಪ್ಲೆಕ್ಸಸ್ ಎಂಬ ಅಂಗಾಂಶದಿಂದ ದ್ರವ ಒಸರುತ್ತಲೇ ಇರುತ್ತದೆ, ಹರಿದು ಮೆದುಳಿನ ಹೊರಮೈಗೆ ಬಂದು ಕೊನೆಗೆ ರಕ್ತಕ್ಕೆ ಸೇರುತ್ತದೆ. ಸ್ಕ್ಯಾನ್ ಮಾಡುವವರು ಅಳೆಯುವುದು ಪಕ್ಕದ ವೆಂಟ್ರಿಕಲ್‌ನ ಹಿಂಭಾಗದ ಅಗಲವನ್ನು. ಅದು 10 ಮಿ.ಮೀ.ಗಿಂತ ಕಡಿಮೆ ಇದ್ದರೆ ಸಾಮಾನ್ಯ. 10ರಿಂದ 12 ಸೌಮ್ಯ, 13ರಿಂದ 15 ಮಧ್ಯಮ, 15 ದಾಟಿದರೆ ತೀವ್ರ ಎಂದು ಈಗ ಹೆಚ್ಚಿನವರು ವಿಂಗಡಿಸುತ್ತಾರೆ. ಕೆಲವರು 10ರಿಂದ 15ರವರೆಗಿನ ಎಲ್ಲವನ್ನೂ ‘ಮೈಲ್ಡ್’ ಅನ್ನುತ್ತಾರೆ. ಹಾಗಾಗಿ ಪದ ನೋಡಿ ಸಮಾಧಾನವನ್ನೂ ಪಡಬೇಡಿ, ಗಾಬರಿಯನ್ನೂ ಪಡಬೇಡಿ. ಅಂಕಿ ಎಷ್ಟು ಎಂದು ಕೇಳಿ.

ಇದು ಒಂದು ಕಾಯಿಲೆಯ ಹೆಸರಲ್ಲ. ಜ್ವರ ಇದೆ ಅಂದರೆ ಯಾವ ರೋಗ ಎಂದು ಹೇಗೆ ಗೊತ್ತಾಗುವುದಿಲ್ಲವೋ, ಇಲ್ಲೂ ಹಾಗೆಯೇ. ಹಿಂದೆ ಕಾರಣ ಇರಬಹುದು. ಏನೂ ಇಲ್ಲದೆ, ಆ ಮಗುವಿನ ಮೆದುಳಿನ ರಚನೆಯೇ ಹಾಗಿರಬಹುದು.

ಒಂದು ಕಡೆ 10.4 ಬಂತು, ವಾರದ ನಂತರ ಇನ್ನೊಂದು ಕಡೆ 9.7. ಯಾವುದನ್ನು ನಂಬೋದು?

ಎರಡನ್ನೂ ನಂಬಬಹುದು. ವ್ಯತ್ಯಾಸ ಸಾಸಿವೆ ಕಾಳಿನಷ್ಟೂ ಇಲ್ಲ. ಅಳೆಯುವ ರೀತಿ ಹೇಗೆಂದರೆ: ಮಗುವಿನ ತಲೆಯ ಅಡ್ಡಸೀಳು ಚಿತ್ರ ಸಿಗಬೇಕು, ನಡುಗೆರೆಯಿಂದ ಎರಡೂ ಪಕ್ಕ ಸಮನಾಗಿ ಕಾಣಬೇಕು, ಅಳತೆಯ ಎರಡು ಗುರುತುಗಳನ್ನು ವೆಂಟ್ರಿಕಲ್ ಗೋಡೆಯ ಒಳ ಅಂಚಿನಿಂದ ಒಳ ಅಂಚಿಗೆ, ವೆಂಟ್ರಿಕಲ್‌ನ ಉದ್ದಕ್ಕೆ ನೇರ ಅಡ್ಡಲಾಗಿ ಇಡಬೇಕು. ಗುರುತು ಗೋಡೆಯ ಮೇಲೆ ಕೂತರೆ, ಗೆರೆ ಸ್ವಲ್ಪ ಓರೆಯಾದರೆ, ಅಥವಾ ಮಗು ತಲೆ ವಾಲಿಸಿಕೊಂಡಿದ್ದು ಸೀಳೇ ಓರೆಯಾದರೆ 9.5 ಇದ್ದದ್ದು 10.5 ಆಗುತ್ತದೆ. ಸ್ಕ್ಯಾನ್ ಪ್ರೋಬ್‌ಗೆ ಹತ್ತಿರವಿರುವ ಬದಿಯ ವೆಂಟ್ರಿಕಲ್ ತಲೆಬುರುಡೆಯ ನೆರಳಿನಲ್ಲಿ ಮಸುಕಾಗಿರುತ್ತದೆ. ಅದನ್ನೂ ಸರಿಯಾಗಿ ನೋಡಿದ್ದಾರಾ ಎಂದು ಕೇಳುವುದು ತಪ್ಪಲ್ಲ.

10 ಎಂಬ ಗೆರೆ ಬಂದದ್ದು ಲೆಕ್ಕದಿಂದ. ಸರಾಸರಿ ಅಗಲ 7.6 ಮಿ.ಮೀ. ಆಸುಪಾಸು, ಅದು 14ನೇ ವಾರದಿಂದ ಹೆರಿಗೆಯವರೆಗೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. 10 ಎಂದರೆ ಸರಾಸರಿಯಿಂದ ಬಹಳ ದೂರ ಸರಿದ ಅಂಕಿ, ಅಷ್ಟೇ. 9.9ರ ಮಗು ಸುರಕ್ಷಿತ, 10.1ರ ಮಗು ಅಪಾಯದಲ್ಲಿ ಎಂದು ದೇಹ ಗೆರೆ ಎಳೆದಿಲ್ಲ. ಗಂಡು ಭ್ರೂಣಗಳಲ್ಲಿ ಅಗಲ ತುಸು ಹೆಚ್ಚೇ ಇರುತ್ತದೆ, ಗೆರೆ ದಾಟುವವರಲ್ಲೂ ಗಂಡುಮಕ್ಕಳೇ ಜಾಸ್ತಿ.

ತಲೆಯಲ್ಲಿ ನೀರು ತುಂಬುವುದು, ಹೈಡ್ರೋಸೆಫಾಲಸ್ ಅಂತಾರಲ್ಲ, ಅದೇನಾ ಇದು?

ಅಲ್ಲ. ದ್ರವದ ಹರಿವಿಗೆ ತಡೆಯಾಗಿ, ಒತ್ತಡ ಏರಿ, ವೆಂಟ್ರಿಕಲ್ ಊದುತ್ತಾ ಹೋಗುವುದು ಹೈಡ್ರೋಸೆಫಾಲಸ್. ಸೌಮ್ಯ ಹಿಗ್ಗುವಿಕೆಯಲ್ಲಿ ಸಾಮಾನ್ಯವಾಗಿ ಒತ್ತಡ ಇರುವುದಿಲ್ಲ. ಕೆಲವು ಮಕ್ಕಳಲ್ಲಿ ಮಾತ್ರ ಸೌಮ್ಯದಿಂದ ಶುರುವಾದದ್ದು ಮುಂದೆ ಹೈಡ್ರೋಸೆಫಾಲಸ್ ಆಗಬಹುದು. ಮತ್ತೆ ಮತ್ತೆ ಸ್ಕ್ಯಾನ್ ಮಾಡುವುದು ಅದಕ್ಕಾಗಿ.

ನಾನು ತಿಂದಿದ್ದೋ, ಭಾರ ಎತ್ತಿದ್ದೋ, ಟೆನ್ಷನ್ ಮಾಡಿಕೊಂಡಿದ್ದೋ ಕಾರಣವಾ?

ಅಲ್ಲ. ಊಟ, ಕೆಲಸ, ಪ್ರಯಾಣ, ಅತ್ತದ್ದು, ಜಗಳ, ಯಾವುದೂ ವೆಂಟ್ರಿಕಲ್ ಹಿಗ್ಗಿಸುವುದಿಲ್ಲ. ಈ ಪ್ರಶ್ನೆಯನ್ನು ಅಮ್ಮಂದಿರು ಎಲ್ಲಕ್ಕಿಂತ ಕೊನೆಗೆ, ದನಿ ತಗ್ಗಿಸಿ ಕೇಳುತ್ತಾರೆ. ಅದಕ್ಕೇ ಇದನ್ನು ಮೇಲೆಯೇ ಇಟ್ಟಿದ್ದೇನೆ, ಮನೆಯವರೂ ಓದಲಿ.

## ಪರೀಕ್ಷೆಗಳ ಬಗ್ಗೆ

ಎಲ್ಲರೂ ‘ಐಸೊಲೇಟೆಡ್ ಆದರೆ ಚಿಂತೆ ಇಲ್ಲ’ ಅಂತಾರೆ. ಐಸೊಲೇಟೆಡ್ ಅಂದರೇನು?

ಹಿಗ್ಗಿದ ವೆಂಟ್ರಿಕಲ್ ಬಿಟ್ಟರೆ ಬೇರೇನೂ ತೊಂದರೆ ಕಂಡಿಲ್ಲ ಎಂದರ್ಥ. ಮಗುವಿನ ಭವಿಷ್ಯದ ಬಗ್ಗೆ ಮಿಲಿಮೀಟರ್‌ಗಿಂತ ಹೆಚ್ಚು ಹೇಳುವುದು ಈ ಒಂದು ಮಾತು. ಆದರೆ ಇದಕ್ಕೆ ಒಂದು ಷರತ್ತಿದೆ: ‘ಕಂಡಿಲ್ಲ’ ಅನ್ನುವುದಕ್ಕೆ ಬೆಲೆ ಬರುವುದು ಚೆನ್ನಾಗಿ ಹುಡುಕಿದ್ದರೆ ಮಾತ್ರ.

ಹುಡುಕುವುದು ಏನನ್ನು? ಮೊದಲು ಮೆದುಳಿನ ಉಳಿದ ರಚನೆ. ಎಡ ಬಲ ಮೆದುಳನ್ನು ಜೋಡಿಸುವ ಕಾರ್ಪಸ್ ಕ್ಯಾಲೋಸಮ್ ಇಲ್ಲದಿದ್ದರೆ ವೆಂಟ್ರಿಕಲ್‌ನ ಹಿಂಭಾಗ ಹನಿಯ ಆಕಾರದಲ್ಲಿ ಹಿಗ್ಗುತ್ತದೆ. ಬೆನ್ನುಮೂಳೆ ಪೂರ್ತಿ ಮುಚ್ಚಿಕೊಳ್ಳದ ಸ್ಪೈನಾ ಬೈಫಿಡಾ ಇದ್ದರೆ ಹಿಂಬದಿಯ ಚಿಕ್ಕ ಮೆದುಳು ಕೆಳಗೆ ಜಗ್ಗಿ, ಮೇಲೆ ವೆಂಟ್ರಿಕಲ್ ದೊಡ್ಡದಾಗುತ್ತದೆ. ಹಾಗಾಗಿ ಬೆನ್ನನ್ನು ಪೂರ್ತಿ ನೋಡಬೇಕು. ಮೆದುಳಿನ ಹೊರಪದರದ ಮಡಿಕೆಗಳು ವಾರಕ್ಕೆ ತಕ್ಕಂತೆ ಮೂಡಿವೆಯೇ, ಒಳಗೆ ರಕ್ತಸ್ರಾವದ ಗುರುತು ಇದೆಯೇ ಎಂದೂ ನೋಡುತ್ತಾರೆ. ಆಮೇಲೆ ಹೃದಯ, ಕೈಕಾಲು, ಮಗುವಿನ ಒಟ್ಟು ಬೆಳವಣಿಗೆ. ಆಮೇಲೆ ಕ್ರೋಮೋಸೋಮ್. ಕೊನೆಗೆ ಸೋಂಕು, ಮುಖ್ಯವಾಗಿ ಸೈಟೊಮೆಗಲೊವೈರಸ್ ಅಂದರೆ ಸಿಎಂವಿ, ಮತ್ತು ಟಾಕ್ಸೊಪ್ಲಾಸ್ಮಾ. ತಾಯಿಗೆ ಜ್ವರ ಬಂದ ನೆನಪೇ ಇಲ್ಲದಿದ್ದರೂ ಸೋಂಕಿನ ಪರೀಕ್ಷೆ ಮಾಡಿಸಬೇಕು, ಏಕೆಂದರೆ ಸಿಎಂವಿ ಹೆಚ್ಚಿನ ತಾಯಂದಿರಲ್ಲಿ ಸದ್ದಿಲ್ಲದೆ ಬಂದು ಹೋಗುತ್ತದೆ.

ಇಷ್ಟೆಲ್ಲ ಮಾಡದೆ ಒಂದೇ ಸಾಮಾನ್ಯ ಸ್ಕ್ಯಾನ್ ನೋಡಿ ಹೇಳಿದ ‘ಐಸೊಲೇಟೆಡ್’ ಅನ್ನು ಅರ್ಧ ಉತ್ತರ ಎಂದೇ ಎಣಿಸಬೇಕು. ಪೂರ್ತಿ ಹುಡುಕಿದ ಮೇಲೂ ಕೆಲವು ತಪ್ಪಿಹೋಗುತ್ತವೆ. 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆಯ ಪ್ರಕಾರ, ಗರ್ಭದಲ್ಲಿ ಐಸೊಲೇಟೆಡ್ ಎನಿಸಿಕೊಂಡ ಮಕ್ಕಳಲ್ಲಿ ಶೇ. 7.4ರಷ್ಟು ಮಂದಿಗೆ ಹುಟ್ಟಿದ ಮೇಲೆ ಬೇರೆ ದೋಷ ಪತ್ತೆಯಾಯಿತು.

ಆಮ್ನಿಯೋ ಮಾಡಿಸಲೇಬೇಕಾ? ತಾಯಿಯ ರಕ್ತದಿಂದ ಮಾಡುವ ಎನ್‌ಐಪಿಟಿ ನಾರ್ಮಲ್ ಬಂದಿದೆಯಲ್ಲ.

ಮಾಡಿಸಲೇಬೇಕು ಎಂಬುದಿಲ್ಲ, ನಿರ್ಧಾರ ನಿಮ್ಮದು. ಆದರೆ ಎರಡೂ ಒಂದೇ ಅಲ್ಲ. ಆಮ್ನಿಯೋ ಅಂದರೆ ಗರ್ಭದಲ್ಲಿ ಮಗುವಿನ ಸುತ್ತ ಇರುವ ದ್ರವವನ್ನು ಸೂಜಿಯಿಂದ ಸ್ವಲ್ಪ ತೆಗೆದು ಪರೀಕ್ಷಿಸುವುದು. ಎನ್‌ಐಪಿಟಿ ಮುಖ್ಯವಾಗಿ 21, 18, 13ನೇ ಕ್ರೋಮೋಸೋಮ್‌ಗಳ ಹೆಚ್ಚುವರಿ ಪ್ರತಿಯನ್ನು ಹುಡುಕುವ ಸ್ಕ್ರೀನಿಂಗ್. ವೆಂಟ್ರಿಕಲ್ ಹಿಗ್ಗಿದ್ದು ಡೌನ್ ಸಿಂಡ್ರೋಮ್ ಸಾಧ್ಯತೆಯನ್ನು 3ರಿಂದ 4 ಪಟ್ಟು ಹೆಚ್ಚಿಸುತ್ತದೆ, ಆ ಭಾಗಕ್ಕೆ ಎನ್‌ಐಪಿಟಿ ಒಳ್ಳೆಯ ಭರವಸೆ ಕೊಡುತ್ತದೆ. ಕ್ರೋಮೋಸೋಮ್‌ನ ಚಿಕ್ಕ ತುಣುಕು ಕಳೆದುಹೋಗಿರುವುದು ಅಥವಾ ಹೆಚ್ಚಾಗಿರುವುದು ಅದರಲ್ಲಿ ಸರಿಯಾಗಿ ಸಿಗುವುದಿಲ್ಲ. ಅದಕ್ಕೆ ಆಮ್ನಿಯೋ ದ್ರವದಲ್ಲಿ ಮೈಕ್ರೋಅರೇ ಪರೀಕ್ಷೆ ಬೇಕು. ಸೌಮ್ಯ ಮತ್ತು ಮಧ್ಯಮ ಹಿಗ್ಗುವಿಕೆಯ ಗರ್ಭಗಳಲ್ಲಿ ಸಾಮಾನ್ಯ ಕ್ರೋಮೋಸೋಮ್ ಪರೀಕ್ಷೆ ಸುಮಾರು ಶೇ. 5ರಲ್ಲಿ, ಮೈಕ್ರೋಅರೇ ಶೇ. 10ರಿಂದ 15ರಲ್ಲಿ ಏನಾದರೂ ಪತ್ತೆ ಮಾಡುತ್ತದೆ. ಬೇರೆ ದೋಷಗಳೂ ಇರುವ ಗರ್ಭಗಳು ಈ ಲೆಕ್ಕದಲ್ಲಿ ಸೇರಿವೆ. ಅದೇ ದ್ರವದಲ್ಲಿ ಸಿಎಂವಿಯನ್ನೂ ನೋಡಬಹುದು. ಗರ್ಭಪಾತದ ಹೆಚ್ಚುವರಿ ಅಪಾಯ ಅನುಭವಿಗಳ ಕೈಯಲ್ಲಿ ಬಹಳ ಕಡಿಮೆ, ಸಾವಿರಕ್ಕೆ ಒಂದರಿಂದ ಮೂರು.

ಎಂಆರ್‌ಐ ಯಾವಾಗ? ಸ್ಕ್ಯಾನ್‌ನಲ್ಲಿ ಕಾಣದ್ದು ಅದರಲ್ಲಿ ಕಾಣುತ್ತಾ?

ಕೆಲವೊಮ್ಮೆ ಕಾಣುತ್ತದೆ. 22ನೇ ವಾರದ ನಂತರ ಮಾಡಬಹುದು. ಹೊರಪದರದ ಮಡಿಕೆಗಳನ್ನು ನೋಡಬೇಕಿದ್ದರೆ 28ರಿಂದ 32ನೇ ವಾರ ಒಳ್ಳೆಯದು. ಲಾಭ ಎಷ್ಟು ಎಂಬುದು ಮೊದಲ ಸ್ಕ್ಯಾನ್ ಎಷ್ಟು ಚೆನ್ನಾಗಿತ್ತು ಎಂಬುದರ ಮೇಲಿದೆ. ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ ಮೆರಿಡಿಯನ್ ಅಧ್ಯಯನದಲ್ಲಿ, ಎಲ್ಲ ಬಗೆಯ ಮೆದುಳಿನ ದೋಷಗಳನ್ನೂ ಸೇರಿಸಿ, ಸ್ಕ್ಯಾನ್‌ನ ನಿಖರತೆ ಶೇ. 68 ಇದ್ದದ್ದು ಎಂಆರ್‌ಐ ಸೇರಿದಾಗ ಶೇ. 93 ಆಯಿತು. ಆದರೆ ಪರಿಣತರು ಮೆದುಳನ್ನೇ ಗುರಿಯಾಗಿಸಿ ವಿವರವಾದ ನ್ಯೂರೋಸೋನೋಗ್ರಫಿ ಮಾಡಿ ‘ಐಸೊಲೇಟೆಡ್’ ಎಂದ ಮೇಲೆ ಎಂಆರ್‌ಐಯಲ್ಲಿ ಮಾತ್ರ ಹೊಸದಾಗಿ ಏನಾದರೂ ಸಿಕ್ಕಿದ್ದು ಸುಮಾರು ಶೇ. 5ರಲ್ಲಿ. ಹತ್ತಿರದಲ್ಲಿ ಅಂಥ ಪರಿಣತರಿಲ್ಲದಿದ್ದರೆ ಎಂಆರ್‌ಐಗೆ ಹೆಚ್ಚು ಬೆಲೆ ಎಂಬುದು ನನ್ನ ಅಭಿಪ್ರಾಯ.

ಎರಡನೇ ಸ್ಕ್ಯಾನ್‌ನಲ್ಲಿ 8.9ಕ್ಕೆ ಇಳಿಯಿತು. ಇನ್ನು ಮರೆತುಬಿಡಬಹುದಾ?

ಬಹಳ ಒಳ್ಳೆಯ ಸುದ್ದಿ. ಹೆಚ್ಚಿನ ಮಕ್ಕಳಲ್ಲಿ ಅಳತೆ ಇಳಿಯುತ್ತದೆ ಅಥವಾ ಇದ್ದಂತೆಯೇ ಇರುತ್ತದೆ. ಏರುತ್ತಾ ಹೋಗುವುದು ಸುಮಾರು ಶೇ. 16ರಲ್ಲಿ. ಇಳಿದವರ ಭವಿಷ್ಯ ಏರಿದವರಿಗಿಂತ ಚೆನ್ನಾಗಿರುತ್ತದೆ. ಹಾಗೆಂದು ಸೋಂಕಿನ ವರದಿ, ಜೀನ್ ವರದಿ ಬಾಕಿ ಇದ್ದರೆ ಅವನ್ನು ಬಿಡಬೇಡಿ. ಅಳತೆ ಇಳಿದರೆ ಮೂಲ ಕಾರಣವೂ ಹೋಯಿತು ಎಂದಲ್ಲ.

ಹೆರಿಗೆಗೆ ಸಿಸೇರಿಯನ್ನೇ ಆಗಬೇಕಾ?

ಇದೊಂದೇ ಕಾರಣಕ್ಕೆ ಬೇಡ. ಅವಧಿಗೆ ಮುಂಚೆ ಹೆರಿಗೆ ಮಾಡಿಸುವುದೂ ಬೇಡ, ಅದರಿಂದ ಮೆದುಳಿಗೆ ನಷ್ಟವೇ ಹೆಚ್ಚು. ತಲೆಯೇ ತುಂಬಾ ದೊಡ್ಡದಾಗಿದ್ದರೆ ಮಾತ್ರ ವೈದ್ಯರು ಬೇರೆ ಯೋಚಿಸುತ್ತಾರೆ.

## ಮಗು ಮುಂದೆ ಹೇಗಿರುತ್ತದೆ

ಸುತ್ತಿಬಳಸಿ ಹೇಳಬೇಡಿ. ಮಗು ನಾರ್ಮಲ್ ಆಗಿರುತ್ತಾ?

ಹಿಗ್ಗುವಿಕೆ 10ರಿಂದ 12ರೊಳಗಿದ್ದು, ಸರಿಯಾಗಿ ಹುಡುಕಿಯೂ ಬೇರೇನೂ ಸಿಗದಿದ್ದರೆ, ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ಉಳಿದ ಮಕ್ಕಳಂತೆಯೇ ಬೆಳೆಯುತ್ತಾರೆ. ಅಮೆರಿಕದ ತಾಯಿ-ಭ್ರೂಣ ವೈದ್ಯರ ಸಂಘ 2018ರ ಮಾರ್ಗಸೂಚಿಯಲ್ಲಿ ಪೋಷಕರಿಗೆ ಹೀಗೆಯೇ ಹೇಳಿ ಎಂದಿದೆ. 13ರಿಂದ 15ರ ಐಸೊಲೇಟೆಡ್ ಗುಂಪಿಗೆ ಅದೇ ಮಾರ್ಗಸೂಚಿ ಶೇ. 75ರಿಂದ 93 ಎನ್ನುತ್ತದೆ. ವ್ಯಾಪ್ತಿ ಇಷ್ಟು ಅಗಲವಾಗಿರುವುದು ಆ ಗುಂಪಿನಲ್ಲಿ ಅಧ್ಯಯನಕ್ಕೆ ಸಿಕ್ಕ ಮಕ್ಕಳು ಕಡಿಮೆ ಎಂಬ ಕಾರಣಕ್ಕೆ.

ಮೇಲೆ ಹೇಳಿದ 2014ರ ವಿಶ್ಲೇಷಣೆಯಲ್ಲಿ, 15 ಮಿ.ಮೀ.ವರೆಗಿನ ಐಸೊಲೇಟೆಡ್ ಮಕ್ಕಳಲ್ಲಿ ಬೆಳವಣಿಗೆ ಹಿಂದುಳಿದವರು ಶೇ. 7.9. ಈ 7.9 ಪೂರ್ತಿ ವೆಂಟ್ರಿಕಲ್‌ನ ತಪ್ಪಲ್ಲ ಎಂಬುದನ್ನು ಗಮನಿಸಬೇಕು. ಸ್ಕ್ಯಾನ್‌ನಲ್ಲಿ ಎಲ್ಲವೂ ಸರಿಯಿದ್ದ ಮಕ್ಕಳಲ್ಲೂ ನೂರಕ್ಕೆ ಕೆಲವರು ಹಿಂದುಳಿಯುತ್ತಾರೆ. ನಿಮ್ಮ ಮಗುವಿಗೆ ನಿಜವಾಗಿ ಸೇರಿರುವ ಹೆಚ್ಚುವರಿ ಅಪಾಯ ಈ ಎರಡರ ನಡುವಿನ ಅಂತರ ಮಾತ್ರ.

ಜೊತೆಗೆ ಬೇರೆ ರಚನಾದೋಷ, ಕ್ರೋಮೋಸೋಮ್ ತೊಂದರೆ ಅಥವಾ ಸೋಂಕು ಇದ್ದರೆ ಈ ಅಂಕಿಗಳು ನಿಮಗೆ ಅನ್ವಯಿಸುವುದಿಲ್ಲ. ಆಗ ಭವಿಷ್ಯ ನಿರ್ಧರಿಸುವುದು ಆ ಕಾರಣ. ಆ ಹೆಸರಿನ ತೊಂದರೆಯ ಬಗ್ಗೆಯೇ ಕೇಳಿ ತಿಳಿಯಿರಿ.

ಬಲಗಡೆ ಮಾತ್ರ ದೊಡ್ಡದಿದೆ, ಎಡಗಡೆ ಸರಿಯಿದೆ. ಇದು ಕೆಟ್ಟದ್ದಾ?

ಇಲ್ಲ. ಎರಡೂ ವೆಂಟ್ರಿಕಲ್ ತೂಗಿಟ್ಟಂತೆ ಸಮ ಇರುವುದೇ ಅಪರೂಪ. ಒಂದೇ ಬದಿಯದು ಸೌಮ್ಯವಾಗಿ ಹಿಗ್ಗಿದ್ದು ಬೇರೇನೂ ಇಲ್ಲದಿದ್ದರೆ ಭವಿಷ್ಯ ಚೆನ್ನಾಗಿಯೇ ಇರುತ್ತದೆ. ಆ ಬದಿಯಲ್ಲಿ ಹಳೆಯ ರಕ್ತಸ್ರಾವ ಆಗಿಲ್ಲ ಎಂದು ಖಾತ್ರಿ ಮಾಡಿಕೊಂಡರೆ ಸಾಕು.

‘ಬೆಳವಣಿಗೆ ತಡ’ ಅಂದರೆ ನಿಜವಾಗಿ ಏನು? ನಡೆಯೋದೇ ಇಲ್ಲವಾ, ಮಾತು ತಡವಾ?

ಅಧ್ಯಯನಗಳಲ್ಲಿ ಈ ಒಂದೇ ಪದದಡಿ ಬಹಳಷ್ಟು ಸೇರಿದೆ. ಎರಡು ತಿಂಗಳು ತಡವಾಗಿ ನಡೆದ ಮಗುವೂ ಇದೆ, ಜೀವನಪರ್ಯಂತ ನೆರವು ಬೇಕಾದ ಮಗುವೂ ಇದೆ. ಐಸೊಲೇಟೆಡ್ ಸೌಮ್ಯ ಗುಂಪಿನಲ್ಲಿ ಕಾಣುವ ತೊಂದರೆ ಬಹಳಷ್ಟು ಸಲ ಮಾತಿನಲ್ಲಿ, ಕೈಕಾಲಿನ ಹಿಡಿತದಲ್ಲಿ, ಗಮನ ಕೊಡುವುದರಲ್ಲಿ ಸ್ವಲ್ಪ ಹಿಂದಿರುವುದು.

ಅಳೆಯುವ ಬಗೆ ತಿಳಿದರೆ ಅಂಕಿ ಕಡಿಮೆ ಹೆದರಿಸುತ್ತದೆ. ಬೇಯ್ಲಿ ಎಂಬ ಪರೀಕ್ಷೆ ಹೆಚ್ಚು ಬಳಕೆಯಲ್ಲಿದೆ. ಮಗು ಅಮ್ಮನ ತೊಡೆಯ ಮೇಲೆ ಕೂತಿರುತ್ತದೆ, ಎದುರು ಸಣ್ಣ ಮೇಜು. ಪರೀಕ್ಷಕರು ಒಂದು ಆಟಿಕೆ ತೋರಿಸಿ, ಕಣ್ಣೆದುರೇ ಬಟ್ಟೆ ಮುಚ್ಚುತ್ತಾರೆ. ಮಗು ಬಟ್ಟೆ ಎಳೆದು ಹುಡುಕುತ್ತದೆಯೇ, ಅಥವಾ ಕಾಣದ್ದು ಇಲ್ಲವೇ ಇಲ್ಲ ಎಂಬಂತೆ ಆಚೆ ನೋಡುತ್ತದೆಯೇ? ಮೇಜಿನ ಮೇಲೆ ಒಂದು ಚಿಕ್ಕ ಗುಂಡು ಇಡುತ್ತಾರೆ. ಅಂಗೈಯಿಂದ ಬಾಚುತ್ತದೆಯೋ, ಹೆಬ್ಬೆರಳು ತೋರುಬೆರಳು ಸೇರಿಸಿ ಎತ್ತುತ್ತದೆಯೋ? ಮರದ ತುಂಡುಗಳನ್ನು ಒಂದರ ಮೇಲೊಂದು ಎಷ್ಟು ಪೇರಿಸುತ್ತದೆ? ಕೊನೆಗೆ ಬರುವ ಅಂಕಕ್ಕೆ ಸರಾಸರಿ 100. 85ಕ್ಕಿಂತ ಕಡಿಮೆ ಬಂದರೆ ಕಣ್ಣಿಡಬೇಕು, 70ಕ್ಕಿಂತ ಕಡಿಮೆ ಬಂದರೆ ಗಣನೀಯ ಹಿಂದುಳಿಕೆ. ಮಗು ಅಂದು ನಿದ್ದೆಗೆಟ್ಟಿದ್ದರೆ, ಪರೀಕ್ಷಕರನ್ನು ಕಂಡು ಅತ್ತರೆ ಅಂಕ ಬೀಳುತ್ತದೆ. ಎರಡು ವರ್ಷದ ಅಂಕವನ್ನು ಹತ್ತು ವರ್ಷದ ಜಾತಕ ಎಂದು ಓದಬಾರದು.

ಆಟಿಸಂ, ಎಡಿಎಚ್‌ಡಿ ಬರುತ್ತೆ ಅಂತ ಓದಿದೆ. ಹೌದಾ?

ಓದಿದ ಅಧ್ಯಯನ ಯಾವ ಮಕ್ಕಳ ಮೇಲೆ ನಡೆದದ್ದು ಎಂದು ಮೊದಲು ನೋಡಿ. ಹಿಗ್ಗಿದ ವೆಂಟ್ರಿಕಲ್‌ಗೂ ಆಟಿಸಂಗೂ ಬಲವಾದ ನಂಟು ತೋರಿಸಿದ, ಹೆಚ್ಚು ಉಲ್ಲೇಖವಾಗುವ ಸಂಶೋಧನೆ ಕಡಿಮೆ ತೂಕದ ಶಿಶುಗಳದ್ದು. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಲ್ಲಿ ವೆಂಟ್ರಿಕಲ್ ಹಿಗ್ಗುವುದು ಬಹಳಷ್ಟು ಸಲ ಹುಟ್ಟಿದ ಮೇಲಾದ ರಕ್ತಸ್ರಾವದಿಂದ, ಸುತ್ತಲಿನ ಅಂಗಾಂಶ ನಷ್ಟದಿಂದ. ತುಂಬು ತಿಂಗಳಿಗೆ ಹುಟ್ಟಿದ ಐಸೊಲೇಟೆಡ್ ಮಗುವಿಗೆ ಅದನ್ನು ಹಾಗೇ ಅಂಟಿಸಲಾಗದು. ಕಾಳಜಿ ಇದ್ದರೆ ಮಾಡಬೇಕಾದದ್ದು ಸರಳ: 18 ಮತ್ತು 24 ತಿಂಗಳಿಗೆ ಆಟಿಸಂ ಸುಳಿವು ಹುಡುಕುವ ಎಂ-ಚಾಟ್ ಪ್ರಶ್ನಾವಳಿ ತುಂಬಿಸುವುದು. ಇದನ್ನು ಎಲ್ಲ ಮಕ್ಕಳಿಗೂ ಮಾಡಿ ಎಂದೇ ಶಿಫಾರಸು ಇದೆ. ಎಡಿಎಚ್‌ಡಿ ಎಂಬ ಗಮನದ ತೊಂದರೆ ಶಾಲೆಯ ವಯಸ್ಸಿಗಿಂತ ಮೊದಲು ನಂಬುವಂತೆ ಗೊತ್ತಾಗುವುದಿಲ್ಲ.

## ಹುಟ್ಟಿದ ಮೇಲೆ

ಮಗು ಹುಟ್ಟಿತು, ನೋಡಲು ಚೆನ್ನಾಗಿದೆ. ಈಗ ಏನೇನು ಮಾಡಿಸಬೇಕು?

ಮೊದಲನೆಯದು, ಮಕ್ಕಳ ವೈದ್ಯರ ಕೈಗೆ ಗರ್ಭದ ರಿಪೋರ್ಟ್ ಕೊಡಿ. ಹೆರಿಗೆಯ ಗಡಿಬಿಡಿಯಲ್ಲಿ ಅದು ಅಮ್ಮನ ಫೈಲಿನಲ್ಲೇ ಉಳಿದುಬಿಡುತ್ತದೆ. ಪೂರ್ತಿ ಮೈ ಪರೀಕ್ಷೆ, ತಲೆಯ ಸುತ್ತಳತೆ, ಮತ್ತು ನೆತ್ತಿಯ ಮೆತ್ತನೆಯ ಜಾಗದ ಮೂಲಕ ಮೆದುಳಿನ ಅಲ್ಟ್ರಾಸೌಂಡ್ ಆಗಬೇಕು. ಇದರಲ್ಲಿ ವಿಕಿರಣ ಇಲ್ಲ, ಮಗುವಿಗೆ ಮಂಪರು ಬರಿಸುವುದೂ ಬೇಡ. ಅನುಮಾನ ಬಂದರೆ ಮಾತ್ರ ಎಂಆರ್‌ಐ.

ಗಡುವು ಇರುವ ಪರೀಕ್ಷೆ ಒಂದೇ, ಸಿಎಂವಿ. ಮಗುವಿನ ಮೂತ್ರ ಅಥವಾ ಜೊಲ್ಲಿನ ಮಾದರಿಯನ್ನು ಹುಟ್ಟಿದ 21 ದಿನದೊಳಗೆ ತೆಗೆಯಬೇಕು. ಆಮೇಲೆ ವೈರಸ್ ಸಿಕ್ಕರೂ ಅದು ಗರ್ಭದಲ್ಲೇ ಬಂದದ್ದೋ ಹೊರಗೆ ಬಂದ ಮೇಲೆ ಅಂಟಿದ್ದೋ ಹೇಳಲಾಗದು. ಗರ್ಭದಲ್ಲಿ ಸಿಎಂವಿಯನ್ನು ಖಚಿತವಾಗಿ ತಳ್ಳಿಹಾಕಿರದಿದ್ದರೆ ಇದನ್ನು ಕೇಳಿ ಮಾಡಿಸಿ. ಕಿವಿಯ ಪರೀಕ್ಷೆಯೂ ಆಗಲಿ. ಸಿಎಂವಿ ಇರುವ ಮಗುವಿಗೆ ಹುಟ್ಟಿದಾಗ ಕಿವಿ ಸರಿಯಿದ್ದು ವರ್ಷಗಳ ನಂತರವೂ ಕೇಳುವಿಕೆ ಕುಂದಬಹುದು, ಆದ್ದರಿಂದ ಅಂಥ ಮಗುವಿಗೆ ಪರೀಕ್ಷೆ ಮತ್ತೆ ಮತ್ತೆ ಆಗಬೇಕು.

ತಲೆ ದೊಡ್ಡದು ಅನ್ನಿಸ್ತಿದೆ. ದಿನಾ ಅಳತೆ ತೆಗೀಬೇಕಾ?

ದಿನಾ ತೆಗೆದರೆ ಟೇಪು ಒಂದು ಸುತ್ತು ಮೇಲೆ ಕೆಳಗೆ ಸರಿದದ್ದಷ್ಟೇ ಗೊತ್ತಾಗುತ್ತದೆ. ಲಸಿಕೆಗೆ ಹೋದಾಗ ಅಳೆಸಿ, ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟಿನಲ್ಲಿ ಚುಕ್ಕೆ ಇಡಿಸಿ. ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂ.ಮೀ., ಮುಂದಿನ ಮೂರು ತಿಂಗಳು 1 ಸೆಂ.ಮೀ., ವರ್ಷದವರೆಗೆ ಅರ್ಧ ಸೆಂ.ಮೀ. ಬೆಳೆಯುವುದು ವಾಡಿಕೆ. ಅಪ್ಪನದೋ ಅಮ್ಮನದೋ ತಲೆ ದೊಡ್ಡದಿದ್ದರೆ ಮಗುವಿನದೂ ದೊಡ್ಡದಿರಬಹುದು. ಅವರ ಅಳತೆಯನ್ನೂ ತೆಗೆದು ನೋಡಿ. ಚುಕ್ಕೆಗಳು ತಮ್ಮ ಗೆರೆಯನ್ನು ಹಿಡಿದು ಸಾಗಿದರೆ ಸರಿ, ಗೆರೆ ದಾಟಿ ಮೇಲಕ್ಕೆ ಏರಿದರೆ ತೋರಿಸಬೇಕು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದದ್ದು ಇವುಗಳಿಗೆ: ಮಗು ಅಳದೆ ನೆಟ್ಟಗೆ ಕೂತಿದ್ದಾಗಲೂ ನೆತ್ತಿ ಉಬ್ಬಿ ಬಿಗಿಯಾಗಿರುವುದು, ಕಣ್ಣುಗುಡ್ಡೆ ಕೆಳಕ್ಕೆ ಜಾರಿ ಮೇಲೆ ಬಿಳಿ ಕಾಣುವುದು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್.

ಯಾವ ವಯಸ್ಸಿಗೆ ಏನು ಮಾಡಬೇಕು ಮಗು? ಪಕ್ಕದ ಮನೆಯ ಮಗು ಆಗಲೇ ನಡೀತಿದೆ.

ಪಕ್ಕದ ಮನೆಯ ಮಗುವನ್ನು ಬಿಡಿ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ಕೂತದ್ದು 3.8ರಿಂದ 9.2 ತಿಂಗಳ ನಡುವೆ, ತಾವೇ ನಡೆದದ್ದು 8.2ರಿಂದ 17.6 ತಿಂಗಳ ನಡುವೆ. ಎಷ್ಟು ಅಗಲವಾದ ಕಿಟಕಿ ನೋಡಿ. ಕೆಲವರು ಅಂಬೆಗಾಲು ಹಾಕಲೇ ಇಲ್ಲ, ನೇರ ಎದ್ದು ನಡೆದರು.

ನಾನು ಕೈಕಾಲಿಗಿಂತ ಹೆಚ್ಚು ನೋಡುವುದು ಒಡನಾಟವನ್ನು. ಎರಡು ತಿಂಗಳ ಹೊತ್ತಿಗೆ ಮುಖ ನೋಡಿ ನಗುತ್ತದೆಯೇ, ಒಂಬತ್ತು ತಿಂಗಳಿಗೆ ಹೆಸರು ಕರೆದರೆ ತಿರುಗುತ್ತದೆಯೇ, ಒಂದು ವರ್ಷ ದಾಟಿದ ಮೇಲೆ ಬೇಕಾದದ್ದನ್ನು ಬೆರಳು ತೋರಿಸಿ ಕೇಳುತ್ತದೆಯೇ, ಎರಡು ವರ್ಷಕ್ಕೆ ಎರಡು ಪದ ಜೋಡಿಸುತ್ತದೆಯೇ. ಕಲಿತದ್ದನ್ನು ಕಳೆದುಕೊಂಡರೆ, ಒಂದೇ ಕೈಯನ್ನು ವರ್ಷದೊಳಗೇ ಹೆಚ್ಚಾಗಿ ಬಳಸಿದರೆ, 18 ತಿಂಗಳಿಗೂ ನಡೆಯದಿದ್ದರೆ ಮುಂದಿನ ಭೇಟಿಗೆ ಕಾಯಬೇಡಿ. ಅವಧಿಗೆ ಮುಂಚೆ ಹುಟ್ಟಿದ್ದರೆ ಎರಡು ವರ್ಷದವರೆಗೆ ಹುಟ್ಟಬೇಕಿದ್ದ ದಿನದಿಂದ ವಯಸ್ಸು ಎಣಿಸಿ.

ಒಂದೂವರೆ ವರ್ಷ ಆಯ್ತು, ಒಂದು ಮಾತೂ ಇಲ್ಲ. ವೆಂಟ್ರಿಕಲ್‌ನಿಂದಲೇ ಅಲ್ಲವಾ?

ಇರಬಹುದು, ಇಲ್ಲದಿರಬಹುದು. ಹೊಟ್ಟೆಯಲ್ಲಿದ್ದಾಗಲೇ ಒಂದು ಹೆಸರು ಅಂಟಿಕೊಂಡ ಮಕ್ಕಳಿಗೆ ಇರುವ ತೊಡಕೇ ಇದು, ಏನೇ ಆದರೂ ಹಳೆಯ ರಿಪೋರ್ಟಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು. ಅಷ್ಟರಲ್ಲಿ ಕಿವಿ ಕೇಳದಿರುವುದೋ, ಥೈರಾಯ್ಡ್ ಕೊರತೆಯೋ, ಪರದೆಯ ಮುಂದೆ ಕಳೆಯುವ ಗಂಟೆಗಳೋ ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲು ಕಿವಿಯ ಪರೀಕ್ಷೆ, ಆಮೇಲೆ ಪೂರ್ಣ ಬೆಳವಣಿಗೆಯ ಮೌಲ್ಯಮಾಪನ. ಮಾತಿನ ತರಬೇತಿ ಶುರುಮಾಡಲು ಕಾರಣ ಸಿಗುವವರೆಗೆ ಕಾಯಬೇಕಾಗಿಲ್ಲ. ‘ಗಂಡುಮಕ್ಕಳು ತಡ, ತಾನಾಗಿ ಬರುತ್ತೆ’ ಎಂಬ ಸಲಹೆಯನ್ನು ಈ ಗುಂಪಿನ ಮಗುವಿಗೆ ನಾನು ಕೊಡುವುದಿಲ್ಲ.

ಪ್ರತಿ ವರ್ಷ ಎಂಆರ್‌ಐ ಮಾಡಿಸಬೇಕಾ?

ಬೇಡ. ಮಗು ಬೆಳೆಯುತ್ತಿದ್ದು ತಲೆಯ ಗೆರೆ ಸರಿಯಿದ್ದರೆ ಚಿತ್ರದಿಂದ ಹೊಸದೇನೂ ತಿಳಿಯದು.

## ಇನ್ನೂ ಆಳಕ್ಕೆ ಹೋಗಬೇಕೆನ್ನುವವರಿಗೆ

ನೀರಿನ ಜಾಗ ದೊಡ್ಡದಿದ್ದರೆ ಮೆದುಳಿನ ಭಾಗ ಕಡಿಮೆ ಅಂತ ತಾನೇ?

ಹಾಗನ್ನಿಸುವುದು ಸಹಜ. ಅಳೆದು ನೋಡಿದಾಗ ಸಿಕ್ಕಿದ್ದು ತಿರುಗುಮುರುಗು. ಐಸೊಲೇಟೆಡ್ ಹಿಗ್ಗುವಿಕೆಯ ಭ್ರೂಣಗಳ ಮೆದುಳನ್ನು ಲಂಡನ್ನಿನ ಸಂಶೋಧಕರು ಎಂಆರ್‌ಐಯಿಂದ ಅಳೆದು 2014ರಲ್ಲಿ ಪ್ರಕಟಿಸಿದರು. ಹೊರಪದರದ ಗಾತ್ರ ಹೋಲಿಕೆಯ ಗುಂಪಿಗಿಂತ ಹೆಚ್ಚೇ ಇತ್ತು. ಅಮೆರಿಕದಲ್ಲಿ ನವಜಾತ ಶಿಶುಗಳ ಮೇಲೆ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಬೂದು ಅಂಗಾಂಶ ಜಾಸ್ತಿ ಕಂಡಿತ್ತು. ಅಂದರೆ ಕೆಲವರಲ್ಲಾದರೂ ಇದು ಮೆದುಳು ಸವೆದದ್ದಲ್ಲ, ಬೆಳೆದ ದಾರಿಯೇ ಬೇರೆ. ಹೆಚ್ಚು ಇದ್ದರೆ ಒಳ್ಳೆಯದು ಎಂದೂ ಓದಬೇಡಿ. ಸಂಶೋಧಕರು ಇದನ್ನು ಭಿನ್ನ ಬೆಳವಣಿಗೆ ಎಂದು ಕರೆದರೇ ಹೊರತು ಲಾಭ ಎಂದಲ್ಲ.

ಬೆಳವಣಿಗೆ ಹಿಂದುಳಿಯುವ ಮಕ್ಕಳು ಒಂದು ಕಡೆ ಶೇ. 4 ಅಂತಾರೆ, ಇನ್ನೊಂದು ಕಡೆ 20 ಅಂತಾರೆ. ಯಾಕೆ ಇಷ್ಟು ವ್ಯತ್ಯಾಸ?

ಹಳೆಯ ಅಧ್ಯಯನಗಳಲ್ಲಿ ಮೈಕ್ರೋಅರೇ ಇರಲಿಲ್ಲ, ಎಂಆರ್‌ಐ ಅಪರೂಪ. ಕಾರಣವಿದ್ದ ಮಕ್ಕಳೂ ಐಸೊಲೇಟೆಡ್ ಗುಂಪಿಗೆ ಸೇರಿದರು, ಅಂಕಿ ಏರಿತು. ಕೆಲವರು 18 ತಿಂಗಳಿಗೇ ಲೆಕ್ಕ ಮುಗಿಸಿದರು, ಕೆಲವರು ಹತ್ತು ವರ್ಷದವರೆಗೆ ಕಾದರು. ಕೆಲವರು ಮಗುವನ್ನು ಕೂರಿಸಿ ಪರೀಕ್ಷೆ ಮಾಡಿದರು, ಕೆಲವರು ಫೋನಿನಲ್ಲಿ ಅಮ್ಮನನ್ನು ಕೇಳಿದರು. ಇನ್ನೊಂದು ಓರೆ ಇದೆ: ತೊಂದರೆ ಇರುವ ಮಗುವಿನ ಪೋಷಕರು ಮರುಪರೀಕ್ಷೆಗೆ ಬರುತ್ತಾರೆ, ಚೆನ್ನಾಗಿ ಓಡಾಡುವ ಮಗುವಿನವರು ಬರುವುದಿಲ್ಲ. ಹಾಗಾಗಿ ಯಾವ ಅಂಕಿ ಕಂಡರೂ ಮೂರು ಕೇಳಿ: ಹೇಗೆ ಹುಡುಕಿದರು, ಯಾವ ವಯಸ್ಸಿಗೆ ಅಳೆದರು, ಹೋಲಿಕೆಗೆ ಬೇರೆ ಮಕ್ಕಳಿದ್ದರೇ.

ಮೈಕ್ರೋಅರೇಯಲ್ಲಿ ‘ಅರ್ಥ ಸ್ಪಷ್ಟವಿಲ್ಲದ ಬದಲಾವಣೆ’ ಬಂದಿದೆ. ಈಗೇನು?

ಅಪ್ಪ ಅಮ್ಮ ಇಬ್ಬರ ರಕ್ತ ಪರೀಕ್ಷೆ. ಆರೋಗ್ಯವಾಗಿರುವ ನಿಮ್ಮಲ್ಲೊಬ್ಬರಲ್ಲಿ ಅದೇ ಬದಲಾವಣೆ ಇದ್ದರೆ ಅದರ ತೂಕ ಸಾಮಾನ್ಯವಾಗಿ ಇಳಿಯುತ್ತದೆ; ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಹುಟ್ಟಿದ್ದರೆ ಏರುತ್ತದೆ. ಈ ಮಾತನ್ನು ಜೆನೆಟಿಕ್ ಕೌನ್ಸೆಲರ್ ಜೊತೆ ಕೂತು ಆಡಬೇಕು, ಫೋನಿನಲ್ಲಿ ಓದಿಸಿಕೊಳ್ಳುವಂಥದ್ದಲ್ಲ. ಪರೀಕ್ಷೆಗೆ ಒಪ್ಪುವ ಮೊದಲೇ ಇಂಥ ಉತ್ತರವೂ ಬರಬಹುದು ಎಂದು ತಿಳಿದಿರುವುದು ಲೇಸು.

ಮುಂದಿನ ಬಸಿರಿನಲ್ಲೂ ಹೀಗೇ ಆಗುತ್ತಾ?

ಕಾರಣ ಸಿಗದ ಸೌಮ್ಯ ಹಿಗ್ಗುವಿಕೆ ಮರುಕಳಿಸುವ ಸಾಧ್ಯತೆ ಕಡಿಮೆ. ಕಾರಣ ಸಿಕ್ಕಿದ್ದರೆ ಲೆಕ್ಕ ಬೇರೆ. ಉದಾಹರಣೆಗೆ, ಎಲ್1ಕ್ಯಾಮ್ ಎಂಬ ಜೀನ್ ಎಕ್ಸ್ ಕ್ರೋಮೋಸೋಮ್ ಮೇಲಿದೆ. ಅದರ ದೋಷ ಗಂಡುಮಕ್ಕಳಲ್ಲಿ ಹೈಡ್ರೋಸೆಫಾಲಸ್ ತರುತ್ತದೆ, ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡಿರುವುದು ಒಂದು ಸುಳಿವು. ತಾಯಿ ವಾಹಕಳಾಗಿದ್ದರೆ ಹುಟ್ಟುವ ಪ್ರತಿ ಗಂಡುಮಗುವಿಗೂ ಅಪಾಯ ಶೇ. 50. ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದರೆ ತಾಯಿ ಮತ್ತು ಮಗುವಿನ ಪ್ಲೇಟ್ಲೆಟ್ ಹೊಂದಾಣಿಕೆಯನ್ನು ಪರೀಕ್ಷಿಸಬೇಕು. ಹೊಂದದಿದ್ದರೆ ಮುಂದಿನ ಬಸಿರಿನಲ್ಲಿ ಅದು ಇನ್ನೂ ತೀವ್ರವಾಗಬಹುದು, ಮೊದಲೇ ಗೊತ್ತಿದ್ದರೆ ಚಿಕಿತ್ಸೆಯೂ ಇದೆ.

ಶಾಲೆಗೆ ಸೇರಿಸುವಾಗ ಫಾರ್ಮಿನಲ್ಲಿ ಇದನ್ನು ಬರೆಯಬೇಕಾ?

ಮಗು ಚೆನ್ನಾಗಿ ಬೆಳೆದಿದ್ದರೆ ಬೇಡ. ಅದು ಆ ಮಗುವಿನ ಕಾಯಿಲೆಯಲ್ಲ. ಫಿಟ್ಸ್, ಕೇಳುವಿಕೆಯ ತೊಂದರೆ, ಮಾತಿನ ತರಬೇತಿ, ದ್ರವ ಹರಿಸಲು ಹಾಕಿದ ಶಂಟ್ ಇವುಗಳಲ್ಲಿ ಏನಾದರೂ ಇದ್ದರೆ ಅದನ್ನು ಅದರದೇ ಹೆಸರಿನಲ್ಲಿ ಬರೆಯಿರಿ. ಫೈಲನ್ನು ಮಾತ್ರ ಎಸೆಯಬೇಡಿ. ಎಂದಾದರೂ ಆಟವಾಡುವಾಗ ಬಿದ್ದು ಸಿಟಿ ಸ್ಕ್ಯಾನ್ ಆದರೆ, ವೆಂಟ್ರಿಕಲ್ ದೊಡ್ಡದಿದೆ ಎಂದು ತುರ್ತು ವಿಭಾಗದವರು ಗಾಬರಿಯಾಗುವ ಮೊದಲು ಹೋಲಿಸಿ ನೋಡಲು ಹಳೆಯ ಅಳತೆ ಬೇಕಾಗುತ್ತದೆ.